ಐದು ತೂತಿದ್ದರೆ ಸಾಲದು, ಚಕ್ರದ ಅಳತೆ ಗಾಡಿಯ ಮೇಲೇ ಬರೆದಿರಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರ ಬಂದಾಗ ಪತ್ರಿಕೆಗಳಲ್ಲಿ ವಾಹನ ಇರುವವರಿಗೆ ಸಲಹೆಗಳು ಬರುತ್ತವೆ. ಬ್ರೇಕ್ ತೋರಿಸಿ, ವೈಪರ್ ಬದಲಿಸಿ, ಸವೆದ ಟಯರ್ ತೆಗೆಸಿ ಎಂದು. ಎಲ್ಲ ಸರಿಯಾದ ಮಾತೇ. ಆದರೆ ಆ ಟಯರನ್ನು ಹೊತ್ತ ಡಿಸ್ಕು (ಚಕ್ರದ ಲೋಹದ ಭಾಗ) ಗಾಡಿಯ ಹಬ್ಬಿಗೆ (ಆಕ್ಸಲಿನ ತುದಿಯಲ್ಲಿ ಚಕ್ರ ಕೂರುವ ಭಾಗ) ಹೇಗೆ ಕೂತಿದೆ, ಹಬ್ಬಿನಿಂದ ಹೊರಗೆ ಚಾಚಿದ ಬೋಲ್ಟು, ಅಂದರೆ ಸ್ಟಡ್ಡು, ಯಾವುದು, ಅದಕ್ಕೆ ಯಾವ ನಟ್ಟು ಬಿದ್ದಿದೆ ಎಂದು ಯಾರೂ ಕೇಳುವುದಿಲ್ಲ. ಹೊಸನಗರ ತಾಲ್ಲೂಕಿನಲ್ಲಿ ಟಯರ್ ಅಂಗಡಿ ನಡೆಸುವ ನನ್ನ ಕೈಗೆ ದಿನ ಬೆಳಗಾದರೆ ಬರುವುದು ಇದೇ. ಜೀಪು, ಜಿಪ್ಸಿ, ಬೊಲೆರೊ, ಥಾರ್, ಜಿಮ್ನಿ, ಇವುಗಳಲ್ಲಿ ಒಂದರ ಚಕ್ರ ಬಿಚ್ಚಿ ಇನ್ನೊಂದಕ್ಕೆ ಹಾಕುವುದು ಮಲೆನಾಡಿನಲ್ಲಿ ಇವತ್ತು ನಿನ್ನೆಯ ಅಭ್ಯಾಸವಲ್ಲ. ಅದನ್ನು ಬಿಡಿ ಎನ್ನುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ಅಳತೆ ತಿಳಿದು ಹಾಕುವಂತಾಗಬೇಕು, ಅದಕ್ಕೆ ಆ ಅಳತೆ ಗಾಡಿಯ ಮೇಲೇ ಬರೆದಿರಬೇಕು ಎಂಬುದು ನನ್ನ ಬೇಡಿಕೆ.

ನಮ್ಮ ಕಡೆ ಒಬ್ಬರ ಸ್ಟೆಪ್ನಿ ಇನ್ನೊಬ್ಬರಿಗೆ ಆದರೆ ಅದೇ ದೊಡ್ಡ ಉಪಕಾರ. ನಿಟ್ಟೂರು, ಕಟ್ಟಿನಹೊಳೆ ಕಡೆಯಿಂದ ಕೊಡಚಾದ್ರಿಗೆ ಜೀಪು ಹತ್ತಿಸುವವರನ್ನು ಕೇಳಿ ನೋಡಿ. ಆ ದಾರಿಯಲ್ಲಿ ಮೊಳೆ ಚುಚ್ಚಿ ಪಂಕ್ಚರ್ ಆಗುವುದು ಕಡಿಮೆ, ಚೂಪು ಕಲ್ಲಿಗೆ ತಗುಲಿ ಟಯರಿನ ಪಕ್ಕೆ ಸೀಳುವುದೇ ಹೆಚ್ಚು. ಪಕ್ಕೆ ಸೀಳಿದ ಟಯರಿಗೆ ಸ್ಥಳದಲ್ಲಿ ಮಾಡುವಂಥ ರಿಪೇರಿ ಇಲ್ಲ. ಟ್ಯೂಬ್‌ಲೆಸ್ ಟಯರಿನ ಜೊತೆ ಪಂಕ್ಚರ್ ಕಿಟ್ಟೂ ಗಾಳಿಯ ಒತ್ತಡ ತೋರಿಸುವ ಸಾಧನವೂ ಇದ್ದರೆ ಸ್ಟೆಪ್ನಿ ಇಲ್ಲದೆಯೂ ಕಾರು ಮಾರಬಹುದು ಎಂದು 2020ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂತು. ಹೆದ್ದಾರಿಯಲ್ಲೇ ಓಡುವ ಕಾರಿಗೆ ಅದು ಸಾಕಾಗಬಹುದು. ಮಾಸ್ತಿಕಟ್ಟೆಯಿಂದ ಆಚೆ ಫೋನು ಸಿಗದ ತಿರುವಿನಲ್ಲಿ ಸಂಜೆ ಹೊತ್ತು ನಿಂತುಹೋದವರಿಗೆ ಕಿಟ್ಟು ಏನು ಮಾಡೀತು? ಹಿಂದಿನಿಂದ ಬರುವ ಗಾಡಿಯವನ ಸ್ಟೆಪ್ನಿಯೇ ಗತಿ. ಅದು ತನಗೆ ಆಗುತ್ತದೋ ಇಲ್ಲವೋ ಎಂಬುದು ಆ ಹೊತ್ತಿನಲ್ಲಿ ಊಹೆಗೆ ಬಿಡುವ ವಿಷಯವಲ್ಲ.

ಅಳತೆ ಎಂದರೆ ಏನೆಂದು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹತ್ತಾರು ವರ್ಷ ಗಾಡಿ ಓಡಿಸಿದವರೂ ತೂತು ಎಣಿಸಿ ಸುಮ್ಮನಾಗುತ್ತಾರೆ. ಹಬ್ಬಿನ ಮೇಲಿರುವ ಸ್ಟಡ್ಡುಗಳ ನಡುಬಿಂದುಗಳನ್ನು ಮುಟ್ಟುವ ಹಾಗೆ ಒಂದು ವೃತ್ತ ಬರೆದರೆ ಅದರ ವ್ಯಾಸಕ್ಕೆ ಪಿಸಿಡಿ ಎನ್ನುತ್ತೇವೆ. ಐದು ತೂತಿನ ಡಿಸ್ಕಿನಲ್ಲಿ ಒಂದು ತೂತಿನ ನೇರ ಎದುರಿಗೆ ಇನ್ನೊಂದು ತೂತು ಇರುವುದಿಲ್ಲ. ಹಾಗಾಗಿ ಟೇಪು ಅಡ್ಡ ಹಿಡಿದರೆ ಲೆಕ್ಕ ತಪ್ಪುತ್ತದೆ. ಪಕ್ಕಪಕ್ಕದ ಎರಡು ತೂತುಗಳ ನಡುವಿನಿಂದ ನಡುವಿಗೆ ಅಳೆದು, ಬಂದ ಸಂಖ್ಯೆಯನ್ನು 1.701ರಿಂದ ಗುಣಿಸಬೇಕು. ಪಕ್ಕದ ತೂತು 82 ಮಿ.ಮೀ. ದೂರ ಇದ್ದರೆ ಪಿಸಿಡಿ 139.7, ಅಂದರೆ ಸರಿಯಾಗಿ ಐದೂವರೆ ಇಂಚು. 67 ಮಿ.ಮೀ. ಬಂದರೆ 114.3, ಅಂದರೆ ನಾಲ್ಕೂವರೆ ಇಂಚು. ನಾಲ್ಕು ಮತ್ತು ಆರು ತೂತಿನದರಲ್ಲಿ ಎದುರುಬದುರು ಅಳೆದರೆ ಮುಗಿಯಿತು. ನನ್ನ ಅಂಗಡಿಯ ಗೋಡೆಯ ಮೇಲೆ 82 ಮತ್ತು 67 ಎಂಬ ಎರಡು ಅಂಕಿ ದಪ್ಪಗೆ ಬರೆದಿಟ್ಟಿದ್ದೇನೆ. ಇಲ್ಲಿಗೆ ಬರುವ ಐದು ತೂತಿನ ಗಾಡಿಗಳಲ್ಲಿ ಹೆಚ್ಚಿನವು ಈ ಎರಡರಲ್ಲಿ ಒಂದಕ್ಕೆ ಸೇರುತ್ತವೆ.

ಆ ಐದೂವರೆ ಇಂಚಿಗೆ ದೊಡ್ಡ ಚರಿತ್ರೆಯೇ ಇದೆ. ಎರಡನೇ ಮಹಾಯುದ್ಧದ ಕಾಲಕ್ಕೆ, 1941ರಿಂದ ತಯಾರಾದ ವಿಲ್ಲಿಸ್ ಜೀಪಿಗೆ ಇದ್ದದ್ದು ಐದು ಸ್ಟಡ್ಡು, ಐದೂವರೆ ಇಂಚು. ಅದೇ ಜೀಪು ಸ್ವಾತಂತ್ರ್ಯದ ಹೊಸತರಲ್ಲಿ ಮುಂಬೈಯಲ್ಲಿ ಮಹೀಂದ್ರದವರ ಕೈಯಲ್ಲಿ ಜೋಡಣೆಯಾಗಿ ನಮ್ಮ ಊರುಗಳಿಗೆ ಬಂತು, ಚಕ್ರದ ಅಳತೆಯೂ ಅದರ ಜೊತೆಗೇ ಬಂತು. ಬೊಲೆರೊಗೂ ಅದೇ, 2010ರಲ್ಲಿ ಬಂದ ಮೊದಲ ಥಾರ್‌ಗೂ ಅದೇ. ಜಪಾನಿನ ಸುಜುಕಿಯವರೂ ತಮ್ಮ ಸಣ್ಣ ಫೋರ್‌ವೀಲ್ (ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡಬಹುದಾದ) ಗಾಡಿಗೆ ಇದನ್ನೇ ಇಟ್ಟುಕೊಂಡದ್ದರಿಂದ 1985ರಿಂದ ಬಂದ ಮಾರುತಿ ಜಿಪ್ಸಿಗೂ, 2023ರ ಜಿಮ್ನಿಗೂ ಐದು ಸ್ಟಡ್ಡು, 139.7. ಎಂಬತ್ತು ವರ್ಷ ದಾಟಿದರೂ ಒಂದು ಅಳತೆ ಹೀಗೆ ಬಾಳಿಕೊಂಡು ಬಂದಿದೆಯಲ್ಲ, ಡಿಸ್ಕು ಕೈಗೆತ್ತಿಕೊಂಡಾಗಲೆಲ್ಲ ನನಗೆ ಅದರ ಮೇಲೆ ಗೌರವ ಹುಟ್ಟುತ್ತದೆ.

ಕಳೆದ ಮಳೆಗಾಲದಲ್ಲಿ ಬಿದನೂರು ನಗರದ ಹತ್ತಿರ ಒಂದು ಜಿಮ್ನಿಯ ಹಿಂದಿನ ಟಯರು ಸೀಳಿತ್ತು. ಸ್ಟೆಪ್ನಿ ಅದಕ್ಕೆ ಮೊದಲೇ ಖರ್ಚಾಗಿತ್ತು. ಗಾಡಿಯವರು ಬೆಂಗಳೂರಿನ ಹುಡುಗರು, ಮುಖ ಬಾಡಿಸಿಕೊಂಡು ನಿಂತಿದ್ದರು. ನಮ್ಮ ಊರಿನ ಭಟ್ಟರ ಮನೆಯಲ್ಲಿ ಗೊಬ್ಬರ ಸಾಗಿಸುವ ಹಳೆಯ ಜಿಪ್ಸಿ ಇದೆ. ಅದರ ಸ್ಟೆಪ್ನಿ ತಂದು ಹಬ್ಬಿಗೆ ಇಟ್ಟೆ. ತೂತುಗಳು ಸ್ಟಡ್ಡಿನ ಮೇಲೆ ಸರಾಗವಾಗಿ ಕೂತವು. ನಡುವಿನ ದೊಡ್ಡ ತೂತೂ ಎರಡಕ್ಕೂ ಒಂದೇ, 108 ಮಿ.ಮೀ. ಸ್ಟಡ್ಡಿನ ಥ್ರೆಡ್ಡೂ ಎರಡರದು 12 ಮಿ.ಮೀ. ದಪ್ಪ, ಪಿಚ್ಚು (ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ ಇರುವ ದೂರ) 1.25. ಜಿಮ್ನಿಯ ನಟ್ಟನ್ನೇ ಕೈಯಲ್ಲಿ ತಿರುಗಿಸಿದೆ, ಕೊನೆಯ ತನಕ ತಡೆಯಿಲ್ಲದೆ ಓಡಿತು. 'ಇದು ಹಳೇ ಗಾಡಿದಲ್ವಾ ಅಣ್ಣ?' ಎಂದು ಒಬ್ಬ ಹುಡುಗ ಕೇಳಿದ. 'ಹಳೇದೇ ಮಾರಾಯ, ಆದ್ರೆ ಅಳತೆ ನಿನ್ನದೇ' ಎಂದೆ. ಟಯರಿನ ಎತ್ತರ ಸ್ವಲ್ಪ ಕಡಿಮೆ ಇದ್ದದ್ದರಿಂದ ಫೋರ್‌ವೀಲ್ ಹಾಕಬೇಡಿ, ನಿಧಾನ ಹೋಗಿ, ಶಿವಮೊಗ್ಗದಲ್ಲಿ ಟಯರು ತೆಗೆದುಕೊಂಡು ಇದನ್ನು ಬಸ್ಸಿಗೆ ಹಾಕಿ ಕಳಿಸಿ ಎಂದು ಹೇಳಿ ಬಿಟ್ಟೆ. ಚಕ್ರ ವಾಪಸ್ಸು ಬಂತು.

ಅದೇ ಮಳೆಯಲ್ಲಿ ಇದಕ್ಕೆ ತದ್ವಿರುದ್ಧದ್ದೂ ಆಯಿತು. ಹುಲಿಕಲ್ಲು ಘಾಟಿಯ ಮೇಲ್ಭಾಗದಲ್ಲಿ ಒಂದು ಹೊಸ ಥಾರ್ ನಿಂತಿದೆ ಎಂದು ಫೋನು ಬಂತು. ಅಲ್ಲಿ ಸೇರಿದವರು ಆಗಲೇ ಒಂದು ಬೊಲೆರೊದ ಸ್ಟೆಪ್ನಿ ಇಳಿಸಿ, ಥಾರಿನ ಚಕ್ರ ಬಿಚ್ಚಿ, ಜಾಕಿನ ಮೇಲೆ ನಿಲ್ಲಿಸಿಕೊಂಡಿದ್ದರು. 'ಎರಡೂ ಮಹೀಂದ್ರ ಅಲ್ವಾ ಮಾರಾಯ್ರೆ, ಆಗದೆ ಎಲ್ಲಿಗೆ ಹೋಗ್ತದೆ' ಎಂಬುದು ಅವರ ಧೈರ್ಯ. 2020ರ ಅಕ್ಟೋಬರಿನಲ್ಲಿ ಬಂದ ಹೊಸ ಥಾರ್‌ಗೆ ಆರು ಸ್ಟಡ್ಡು. ವೃತ್ತದ ಅಳತೆ ಅದೇ 139.7, ಆದರೆ ಐದು ತೂತಿನ ಡಿಸ್ಕು ಆರು ಸ್ಟಡ್ಡಿಗೆ ಯಾವ ಜನ್ಮಕ್ಕೂ ಹೊಂದದು. ಗಾಡಿ ಜಾಕಿನ ಮೇಲೆ, ಕೆಳಗೆ ಕೆಸರು, ಪಕ್ಕದಲ್ಲಿ ಧರೆಯಿಂದ ನೀರು ಇಳಿಯುತ್ತಿದೆ. ಬಿಚ್ಚುವುದಕ್ಕೆ ಮೊದಲು ಎಣಿಸಿದ್ದರೂ ಸಾಕಿತ್ತು, ಅಷ್ಟು ಹೊತ್ತು ಆ ಇಳಿಜಾರಿನಲ್ಲಿ ಜೀವ ಕೈಯಲ್ಲಿ ಹಿಡಿದು ನಿಲ್ಲಬೇಕಾಗಿರಲಿಲ್ಲ.

ಕಂಪನಿ ಒಂದೇ ಎಂಬುದು ಚಕ್ರಕ್ಕೆ ಯಾವ ಭರವಸೆಯನ್ನೂ ಕೊಡುವುದಿಲ್ಲ. ಜೀಪ್ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಹಳೆಯ ಜೀಪಿಗೆ 139.7, ಈಗಿನ ರ‍್ಯಾಂಗ್ಲರ್‌ಗೆ 127, ಕಂಪಾಸ್‌ಗೆ 110. ಮೂರಕ್ಕೂ ಐದೇ ತೂತು. ಟೊಯೊಟಾದಲ್ಲಿ ಫಾರ್ಚುನರ್‌ಗೆ ಆರು ಸ್ಟಡ್ಡು, ಇನ್ನೊವಾ ಕ್ರಿಸ್ಟಾಗೆ ಐದು. ಹಳೆಯ ಲ್ಯಾಂಡ್ ರೋವರ್ ಡಿಫೆಂಡರಿನ ಐದು ಸ್ಟಡ್ಡು 165.1ರ ವೃತ್ತದಲ್ಲಿ ಕೂತಿವೆ. ಅದಕ್ಕೆ ಬೇರೆ ಯಾರ ಚಕ್ರವೂ ಇಲ್ಲಿ ಸಿಗುವುದಿಲ್ಲ ಎಂದೇ ತಿಳಿದು ಹೊರಡಬೇಕು.

ತೂತೂ ಪಿಸಿಡಿಯೂ ಕೂಡಿಬಂದ ಮೇಲೆ ಇನ್ನೊಂದು ಅಡ್ಡಿ ಇರುತ್ತದೆ, ಡಿಸ್ಕಿನ ನಡುವಿನ ತೂತು. ಫಾರ್ಚುನರ್, ಇಸುಜು ವಿ-ಕ್ರಾಸ್, ಪಜೆರೊ ಸ್ಪೋರ್ಟ್ ಮೂರಕ್ಕೂ ಆರು ಸ್ಟಡ್ಡು, 139.7. ಆದರೆ ನಡುವಿನ ತೂತು ಫಾರ್ಚುನರಿಗೆ ಸುಮಾರು 106, ಇಸುಜುವಿಗೆ 100, ಪಜೆರೊ ಸ್ಪೋರ್ಟಿಗೆ 67 ಮಿ.ಮೀ. ಮಾತ್ರ. ಪಜೆರೊ ಸ್ಪೋರ್ಟಿನ ಡಿಸ್ಕು ಫಾರ್ಚುನರಿನ ಹಬ್ಬಿನ ಮೇಲೆ ಒಳಗೆ ಹೋಗುವುದೇ ಇಲ್ಲ. ತಿರುಗಾಮುರುಗಾ ಮಾಡಿದರೆ ಹೋಗುತ್ತದೆ, ಆದರೆ ನಡುವೆ ಸುತ್ತಲೂ ಜಾಗ ಉಳಿಯುತ್ತದೆ. ಹಬ್ಬಿನ ಮೇಲೆ ಬಿಗಿಯಾಗಿ ಕೂತು ನಡುವಿಗೆ ನಿಲ್ಲಬೇಕಾದ ಡಿಸ್ಕು ಆಗ ನಟ್ಟಿನ ಕೋನ್ ಭಾಗವನ್ನೇ ನಂಬಿಕೊಂಡಿರಬೇಕು. ನಟ್ಟು ಹಾಕುವಾಗ ಒಂದು ಕೂದಲೆಳೆ ಆಚೀಚೆ ಆದರೂ ಅರವತ್ತು, ಎಪ್ಪತ್ತರ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ. ಆ ಜಾಗವನ್ನು ತುಂಬುವ ಹಬ್ ರಿಂಗ್ ಹಾಕಿ ಇದನ್ನು ಸರಿಮಾಡಬಹುದು. ಡಿಸ್ಕಿನ ನಡುವಿನ ತೂತನ್ನು ಗ್ಯಾಸ್ ಕಟ್ಟರಿನಲ್ಲಿ ದೊಡ್ಡದು ಮಾಡಿಸಿಕೊಂಡು ಬರುವವರನ್ನು ಮಾತ್ರ ನಾನು ಅಂಗಡಿಯಿಂದ ವಾಪಸ್ಸು ಕಳಿಸುತ್ತೇನೆ. ಸುಟ್ಟ ಕಬ್ಬಿಣಕ್ಕೆ ಮೊದಲಿನ ಗಟ್ಟಿತನ ಇರುವುದಿಲ್ಲ.

ಈಗ ನಟ್ಟಿನ ವಿಷಯ. ಈ ಪತ್ರದಲ್ಲಿ ಒಂದೇ ಒಂದು ಪ್ಯಾರಾ ಅಚ್ಚು ಹಾಕಲು ಜಾಗ ಇದ್ದರೆ ದಯವಿಟ್ಟು ಇದನ್ನು ಹಾಕಿ. ಹಳೆಯ ಜೀಪಿನ ಸ್ಟಡ್ಡು ಅರ್ಧ ಇಂಚಿನದು, ಇಂಚಿಗೆ 20 ಥ್ರೆಡ್ಡು. ಅರ್ಧ ಇಂಚು ಎಂದರೆ 12.7 ಮಿ.ಮೀ., ಒಂದು ಥ್ರೆಡ್ಡಿನಿಂದ ಇನ್ನೊಂದಕ್ಕೆ 1.27. ಜಿಪ್ಸಿ, ಜಿಮ್ನಿಯ ಸ್ಟಡ್ಡು 12 ಮಿ.ಮೀ., ಪಿಚ್ಚು 1.25. ಸಂಖ್ಯೆಗಳು ಎಷ್ಟು ಹತ್ತಿರ ಇವೆ ನೋಡಿ. ಜಿಪ್ಸಿಯ ನಟ್ಟು ಜೀಪಿನ ಸ್ಟಡ್ಡಿಗೆ ಹತ್ತುವುದಿಲ್ಲ, ಅದರಿಂದ ಅಪಾಯವೂ ಇಲ್ಲ. ಜೀಪಿನ ಅರ್ಧ ಇಂಚಿನ ನಟ್ಟು ಜಿಪ್ಸಿಯ ಸ್ಟಡ್ಡಿಗೆ ಸಲೀಸಾಗಿ ಹತ್ತುತ್ತದೆ. ಪಿಚ್ಚು ಹೆಚ್ಚುಕಡಿಮೆ ಒಂದೇ ಇರುವುದರಿಂದ ತಿರುಗುತ್ತಾ ಒಳಗೆ ಹೋಗುತ್ತದೆ, ಡಿಸ್ಕಿಗೆ ತಾಗುತ್ತದೆ, ಪಾನ (ಸ್ಪ್ಯಾನರ್) ಹಾಕಿದರೆ ಬಿಗಿಯೂ ಆದ ಹಾಗೆ ಕೈಗೆ ತಿಳಿಯುತ್ತದೆ. ಆದರೆ ನಟ್ಟಿನ ಒಳಗಿನ ಹಲ್ಲು ಸ್ಟಡ್ಡಿನ ಹಲ್ಲನ್ನು ಅರ್ಧಕ್ಕಿಂತ ಕಡಿಮೆ ಹಿಡಿದಿರುತ್ತದೆ. ತುದಿಗೆ ತುದಿ ತಾಗಿಸಿಕೊಂಡು ನಿಂತಿರುತ್ತದೆ ಅಷ್ಟೆ. ಲೋಡು ಬಿದ್ದು, ಗುಂಡಿಗೆ ಇಳಿದು ಎದ್ದರೆ ಆ ತುದಿಗಳು ಕಿತ್ತು ನಟ್ಟು ಸಡಿಲವಾಗುತ್ತದೆ.

ಇದನ್ನು ಕಂಡುಹಿಡಿಯಲು ಯಾವ ಯಂತ್ರವೂ ಬೇಡ. ನಟ್ಟನ್ನು ಸ್ಟಡ್ಡಿಗೆ ಕೈಯಲ್ಲಿ ಐದಾರು ಸುತ್ತು ಹಾಕಿ, ಡಿಸ್ಕಿಗೆ ತಾಗುವ ಮೊದಲೇ ನಿಲ್ಲಿಸಿ, ಎರಡು ಬೆರಳಲ್ಲಿ ಹಿಡಿದು ಅಡ್ಡಡ್ಡ ಅಲುಗಾಡಿಸಿ. ಸರಿಯಾದ ನಟ್ಟಿಗೆ ಕೂದಲಷ್ಟು ಆಟ ಇರುತ್ತದೆ. ಅರ್ಧ ಇಂಚಿನ ನಟ್ಟಾದರೆ ಕಣ್ಣಿಗೆ ಕಾಣುವ ಹಾಗೆ ಲೊಟಲೊಟ ಅಲುಗುತ್ತದೆ. ಅಲುಗಿತೋ, ಆ ನಟ್ಟನ್ನು ಅಲ್ಲಿಗೇ ಬಿಚ್ಚಿ. ಸಂತೆಯಲ್ಲಿ, ಗುಜರಿಯಲ್ಲಿ ಒಂದೇ ಡಬ್ಬಿಯೊಳಗೆ ಎರಡೂ ಜಾತಿಯ ನಟ್ಟು ಬೆರೆಸಿ ಮಾರುತ್ತಾರೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಎಡಗಡೆಯ ಚಕ್ರಕ್ಕೆ ಉಲ್ಟಾ ಥ್ರೆಡ್ಡು ಇತ್ತು ಎಂಬುದೂ ಈಗಿನ ಹುಡುಗರಿಗೆ ಗೊತ್ತಿಲ್ಲ. ಗಾಡಿ ಮುಂದೆ ಓಡುವಾಗ ಆ ಬದಿಯ ನಟ್ಟು ತಾನಾಗಿ ಬಿಚ್ಚಿಕೊಳ್ಳಬಾರದೆಂದು ಮಾಡಿದ ಏರ್ಪಾಡು ಅದು. ಬಿಚ್ಚುತ್ತೇವೆ ಎಂದುಕೊಂಡು ಇಂಪ್ಯಾಕ್ಟ್ ಗನ್ ಹಿಡಿದು ಬಿಗಿಯುತ್ತಲೇ ಹೋಗಿ ಸ್ಟಡ್ಡು ಮುರಿದವರು ಇದ್ದಾರೆ. ಸ್ಟಡ್ಡಿನ ತುದಿ ಒರೆಸಿ ನೋಡಿದರೆ ಅಲ್ಲಿ 'ಎಲ್' ಗುರುತು ಕಾಣಬಹುದು. ಮುರಿದ ಸ್ಟಡ್ಡಿನ ಬದಲಿಗೆ ಲೇತಿನಲ್ಲಿ ಸಾದಾ ಕಬ್ಬಿಣದ್ದು ಕಡೆಸಿ ಹಾಕುವುದನ್ನೂ ನಿಲ್ಲಿಸಬೇಕು. ಕಂಪನಿಯ ಸ್ಟಡ್ಡು ಹದ ಕೊಟ್ಟ ಉಕ್ಕಿನದು, ಎಳೆತ ತಡೆಯಲೆಂದೇ ಮಾಡಿದ್ದು.

ಎಳೆತ ಎಂದೆ. ಚಕ್ರವನ್ನು ಹೊತ್ತಿರುವುದು ಸ್ಟಡ್ಡು ಎಂದೇ ಬಹಳ ಜನ ತಿಳಿದಿದ್ದಾರೆ. ನಿಜವಾಗಿ ಸ್ಟಡ್ಡು ಎಳೆದು ಹಿಡಿಯುತ್ತದೆ, ಆ ಹಿಡಿತದಿಂದ ಡಿಸ್ಕು ಹಬ್ಬಿನ ಮೇಲಿನ ಬ್ರೇಕ್ ಡ್ರಮ್ಮಿನ ಮುಖಕ್ಕೆ ಒತ್ತಿಕೊಳ್ಳುತ್ತದೆ, ಗಾಡಿಯ ಭಾರವನ್ನೂ ಬ್ರೇಕಿನ ಬಲವನ್ನೂ ದಾಟಿಸುವುದು ಆ ಎರಡು ಮುಖಗಳ ನಡುವಿನ ಘರ್ಷಣೆ. ಆ ಮುಖಗಳ ನಡುವೆ ಏನು ಸಿಕ್ಕಿಕೊಂಡರೂ ಹಿಡಿತ ಹೋಗುತ್ತದೆ. ನಮ್ಮ ಕೆಂಪು ಮಣ್ಣು ಇದೆಯಲ್ಲ, ಮಳೆಯಲ್ಲಿ ಬೆಣ್ಣೆಯ ಹಾಗೆ ಮೆತ್ತಿಕೊಂಡು ಒಳಗೆ ಒಂದು ಪದರವಾಗಿ ಉಳಿಯುತ್ತದೆ. ನಟ್ಟು ಬಿಗಿದಾಗ ಬಿಗಿ ಎನಿಸುತ್ತದೆ, ಹತ್ತು ಕಿಲೋಮೀಟರ್ ಓಡಿ ಬಿಸಿಯಾಗಿ ಒಣಗಿ ಉದುರಿದ ಮೇಲೆ ಅಷ್ಟೂ ನಟ್ಟು ಸಡಿಲ. ಡಿಸ್ಕಿಗೆ ದಪ್ಪಗೆ ಬಣ್ಣ ಬಳಿಸಿದಾಗಲೂ ಇದೇ ಆಗುತ್ತದೆ. ಚಕ್ರ ಹಾಕುವ ಮೊದಲು ಎರಡೂ ಮುಖವನ್ನು ಗೋಣಿತಾಟಿನಲ್ಲಿ ಒರೆಸಿ ಎಂದು ನಾನು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಬಿಗಿ ಮಾಡುವುದಕ್ಕೂ ಒಂದು ಲೆಕ್ಕ ಇದೆ. ಜಿಮ್ನಿಯ ನಟ್ಟಿಗೆ 100 ನ್ಯೂಟನ್ ಮೀಟರ್ ಎಂದರೆ, 40 ಸೆಂ.ಮೀ. ಉದ್ದದ ಪಾನದ ತುದಿಗೆ ಸುಮಾರು 25 ಕಿಲೋ ಭಾರ ಬಿಟ್ಟಷ್ಟು. 60 ಕಿಲೋ ತೂಕದ ಮನುಷ್ಯ ಆ ಪಾನದ ಮೇಲೆ ಹತ್ತಿ ನಿಂತರೆ ಅದು ಎರಡು ಪಟ್ಟಿಗಿಂತ ಹೆಚ್ಚಾಗುತ್ತದೆ, ಪೈಪು ಸೇರಿಸಿದರೆ ಹೇಳುವುದೇ ಬೇಡ. ಸ್ಟಡ್ಡು ಹಿಗ್ಗಿ ನಿತ್ರಾಣವಾಗುವುದು ಹೀಗೆ. ಒಂದು ಬಿಟ್ಟು ಒಂದು ನಟ್ಟನ್ನು ನಕ್ಷತ್ರದ ಆಕಾರದಲ್ಲಿ ಬಿಗಿದು, 50-100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಬೇಕು. ಕೊಡಚಾದ್ರಿ ಜೀಪಿನ ಕೆಲವರು ಬಿಗಿದ ನಟ್ಟಿನಿಂದ ಡಿಸ್ಕಿಗೆ ಸೇರುವ ಹಾಗೆ ಬಿಳಿ ಬಣ್ಣದ ಒಂದು ಗೆರೆ ಎಳೆದಿರುತ್ತಾರೆ. ನಟ್ಟು ಒಂದಿಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಸಂಜೆ ಗಾಡಿ ನಿಲ್ಲಿಸಿ ಒಂದು ಸುತ್ತು ಬಂದರೆ ಸಾಕು. ಈ ಚಾಲಕರ ತಿಳಿವಳಿಕೆಗೆ ನಾನು ಕೈಮುಗಿಯುತ್ತೇನೆ.

ಆಫ್‌ಸೆಟ್ ಎಂಬುದೊಂದು ಇದೆ. ರಿಮ್ಮಿನ ಅಗಲದ ನಟ್ಟನಡುವಿಗೂ ಡಿಸ್ಕು ಹಬ್ಬಿಗೆ ತಾಗುವ ಮುಖಕ್ಕೂ ಇರುವ ದೂರ. ಜಿಮ್ನಿಗೆ ಕಂಪನಿಯವರು ಕೊಟ್ಟದ್ದು 5 ಮಿ.ಮೀ. ಚಕ್ರ ಹೊರಗೆ ಚಾಚಿಕೊಂಡರೆ ಗಾಡಿ ಚೆನ್ನಾಗಿ ಕಾಣುತ್ತದೆ ಎಂದು ಇದನ್ನು 20, 30 ಮಿ.ಮೀ. ಬದಲಿಸಿಕೊಂಡು ಬರುತ್ತಾರೆ. ಚಾಚಿದಷ್ಟೂ ಬೇರಿಂಗಿನ ಮೇಲೆ ತಿರುಚುವ ಬಲ ಹೆಚ್ಚುತ್ತದೆ. ಇಡೀ ಆಕ್ಸಲ್ ಒಂದೇ ತುಂಡಾಗಿರುವ ಜೀಪು, ಜಿಪ್ಸಿ, ಜಿಮ್ನಿಯಂಥ ಗಾಡಿಗಳ ಸ್ಟಿಯರಿಂಗ್ ಆಗ ಒಂದು ಸಣ್ಣ ಗುಂಡಿ ಸಿಕ್ಕರೂ ಗಡಗಡ ನಡುಗಲು ಶುರುವಾಗುತ್ತದೆ. ಚಕ್ರ ಹೊಂದದಿದ್ದರೆ ಹೊಂದಿಸಲು ಅಡಾಪ್ಟರ್ ಎಂಬ ದಪ್ಪ ಬಿಲ್ಲೆ ಬರುತ್ತದೆ. ಹಬ್ಬಿಗೆ ಒಂದು ಅಳತೆ, ಹೊರಗಡೆ ಇನ್ನೊಂದು ಅಳತೆಯ ಸ್ಟಡ್ಡು. ಒಳ್ಳೆಯ ಲೋಹದ್ದು, ಹಬ್ಬಿಗೆ ಬಿಗಿಯಾಗಿ ಕೂರುವಂಥದ್ದು ಇಲ್ಲವೆಂದಲ್ಲ. ನನ್ನ ಸಂಬಂಧಿಕರೊಬ್ಬರು ಶಿವಮೊಗ್ಗದ ಒಂದು ಅಂಗಡಿಯಲ್ಲಿ ತಮ್ಮ ಹಳೆಯ ಥಾರ್‌ಗೆ ಆರು ತೂತಿನ ಅಲಾಯ್ ಹಾಕಿಸಿದ್ದರು. ಬಿಚ್ಚಿ ನೋಡಿದರೆ ಒಳಗಿದ್ದದ್ದು ಎರಕದ ಅಡಾಪ್ಟರ್, ಯಾವ ಗುರುತೂ ಇಲ್ಲ, ಒಂದು ಸ್ಟಡ್ಡಿನ ಬುಡದಲ್ಲಿ ಸೀಳು ಬಿಟ್ಟಿತ್ತು. ಆ ಗಾಡಿಯಲ್ಲಿ ಅವರು ಮಕ್ಕಳನ್ನು ಕೂರಿಸಿಕೊಂಡು ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿದು ಬಂದಿದ್ದರು. ಮಾರಿದವರು ಒಂದು ಮಾತು ಹೇಳಿರಲಿಲ್ಲ. ನನಗೆ ಇವತ್ತಿಗೂ ಅದನ್ನು ನೆನೆದರೆ ಸಿಟ್ಟು ಬರುತ್ತದೆ. ನೋಂದಣಿಯಾದ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸಬಾರದು ಎಂದು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ಹೇಳುತ್ತದೆ. ಮಾಲೀಕನಿಗೆ ದಂಡ ಹಾಕುವಾಗ ನೆನಪಾಗುವ ಕಾಯಿದೆ, ಗುರುತಿಲ್ಲದ ಮಾಲು ಮಾರುವವರ ಅಂಗಡಿಗೂ ಒಮ್ಮೆ ಹೋಗಿ ಬರಲಿ.

ಟಯರಿನ ಎತ್ತರದ ಬಗ್ಗೆ ಎರಡೇ ಮಾತು. ಜಿಪ್ಸಿಯ 205/70 ಆರ್15 ಟಯರು ಸುಮಾರು 668 ಮಿ.ಮೀ. ಎತ್ತರ, ಬೊಲೆರೊದ 215/75 ಆರ್15 ಸುಮಾರು 703. ಡಿಸ್ಕು ಹೊಂದಿತೆಂದು ಒಂದು ಕಡೆ ಅದು, ಒಂದು ಕಡೆ ಇದು ಹಾಕಿ ಫೋರ್‌ವೀಲ್ ಗೇರು ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲುಗಳು ಒಂದನ್ನೊಂದು ಎಳೆದಾಡಿ, ಎರಡಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸು ಹಾಳಾಗುತ್ತದೆ. ಮನೆ ಮುಟ್ಟುವ ತನಕ ಟೂವೀಲಿನಲ್ಲೇ ಹೋಗಬೇಕು. ಡಿಸ್ಕು ಎಷ್ಟು ಭಾರ ಹೊರಲು ಮಾಡಿದ್ದು ಎಂಬುದನ್ನೂ ನೋಡಬೇಕು. ಹಗುರವಾದ ಜಿಪ್ಸಿಯ ಡಿಸ್ಕನ್ನು ಅಡಿಕೆ ಚೀಲ ತುಂಬಿದ ದೊಡ್ಡ ಗಾಡಿಗೆ ಖಾಯಂ ಹಾಕಿ ಓಡಿಸುವುದು ಸರಿಯಲ್ಲ.

ಇಷ್ಟನ್ನೆಲ್ಲ ತೋಟದ ಕೆಲಸ ಇರುವವರು, ಮಕ್ಕಳನ್ನು ಶಾಲೆಗೆ ಬಿಡುವವರು ತಲೆಯಲ್ಲಿ ಇಟ್ಟುಕೊಳ್ಳಬೇಕೆಂದು ನಾನು ಹೇಳುವುದಿಲ್ಲ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಚೀಟಿ ಅಂಟಿಸಿರುತ್ತಾರೆ. ಟಯರಿನ ಸೈಜು, ಗಾಳಿ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ಅದರ ಕೆಳಗೆ ಇನ್ನೊಂದು ಸಾಲಿಗೆ ಜಾಗ ಇದೆ. ಉದಾಹರಣೆಗೆ ಜಿಮ್ನಿಯಾದರೆ: 5×139.7, ನಡು 108, ಆಫ್‌ಸೆಟ್ 5, ನಟ್ಟು 12×1.25, ಬಿಗಿ 100. ಇಷ್ಟೇ. ಇದನ್ನು ಅಚ್ಚು ಹಾಕಲು ಕಂಪನಿಗೆ ಹೊಸ ಖರ್ಚಿಲ್ಲ. ಗಾಡಿಯ ಜೊತೆ ಕೊಡುವ ಕೈಪಿಡಿಗಳನ್ನು ತಿರುವಿದ್ದೇನೆ. ಹಾಡು ಕೇಳುವ ಸ್ಕ್ರೀನಿಗೆ ಪುಟಗಟ್ಟಲೆ ಜಾಗ ಕೊಟ್ಟವರು ಪಿಸಿಡಿಗೆ ಒಂದು ಸಾಲು ಕೊಟ್ಟದ್ದು ಅಪರೂಪ. ಕೇಂದ್ರ ಸಾರಿಗೆ ಇಲಾಖೆ ಇದನ್ನು ಕಡ್ಡಾಯ ಮಾಡಬೇಕು ಎಂದು ನಮ್ಮ ಸಂಸದರೂ ಶಾಸಕರೂ ಕೇಳಲಿ.

ಹಳೆಯ ಗಾಡಿಗಳಿಗೆ ಕಂಪನಿ ಚೀಟಿ ಬರುವುದಿಲ್ಲ. ಅವಕ್ಕೆ ದಾರಿ ಸ್ಥಳೀಯವಾಗಿಯೇ ಆಗಬೇಕು. 15 ವರ್ಷ ದಾಟಿದ ಜೀಪುಗಳು ನೋಂದಣಿ ನವೀಕರಣಕ್ಕೆ, ಹಳದಿ ಬೋರ್ಡಿನವು ಎಫ್‌ಸಿಗೆ (ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ) ತಪಾಸಣೆಗೆ ಬರಲೇಬೇಕು. ಲೈಟು, ಹಾರ್ನು ನೋಡುವಾಗ ಒಂದು ಚಕ್ರದ ನಟ್ಟು ಬಿಚ್ಚಿಸಿ ಅಲುಗಾಡಿಸಿ ನೋಡುವುದಕ್ಕೆ ಐದು ನಿಮಿಷ ಹಿಡಿಯುವುದಿಲ್ಲ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಹಳೆಯ ಡಿಸ್ಕು ಮಾರುವ ಬಂಧುಗಳಲ್ಲಿ ಒಂದು ಕೋರಿಕೆ: ರಾಶಿ ಹಾಕಿ ಮಾರುವ ಬದಲು ಪ್ರತಿ ಡಿಸ್ಕಿನ ಒಳಮುಖಕ್ಕೆ ಅಳತೆ ಬರೆದು ಮಾರಿ. ಯಾವ ಗಾಡಿಯಿಂದ ಬಿಚ್ಚಿದ್ದು ಎಂಬುದು ನಿಮಗೆ ಗೊತ್ತಿರುತ್ತದೆ, ಕೊಂಡುಕೊಂಡವನಿಗೆ ಗೊತ್ತಿರುವುದಿಲ್ಲ. ಐಟಿಐಗಳಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಯುವ ಮಕ್ಕಳಿಗೂ ಥ್ರೆಡ್ ಗೇಜು ಕೈಗೆ ಕೊಟ್ಟು ಅರ್ಧ ಇಂಚು ಮತ್ತು 12 ಮಿ.ಮೀ. ಸ್ಟಡ್ಡು ಎರಡನ್ನೂ ಮುಂದಿಟ್ಟು ಕಲಿಸಬೇಕು. ನನ್ನ ಅಂಗಡಿಯಲ್ಲಿ ಕೆಲಸ ಕಲಿತು ಹೋದ ಹುಡುಗರು ಇದನ್ನು ಕಣ್ಣು ಮುಚ್ಚಿ ಹೇಳುತ್ತಾರೆ, ಹಾಗಾಗಿ ಇದು ಕಷ್ಟದ ವಿದ್ಯೆಯಲ್ಲ.

ತಮ್ಮ ಪತ್ರಿಕೆಯಿಂದ ಆಗಬಹುದಾದ ಉಪಕಾರವೂ ಒಂದಿದೆ. ಮುಂಗಾರಿನ ಸಲಹೆಗಳನ್ನು ಅಚ್ಚು ಹಾಕುವಾಗ, ಈ ಭಾಗದಲ್ಲಿ ಓಡಾಡುವ ಫೋರ್‌ವೀಲ್ ಗಾಡಿಗಳ ಸ್ಟಡ್ಡು, ಪಿಸಿಡಿ, ನಡುತೂತು, ನಟ್ಟಿನ ಅಳತೆಯ ಒಂದು ಸಣ್ಣ ಪಟ್ಟಿಯನ್ನು ಆಯಾ ಕಂಪನಿಯವರಿಂದ ಖಚಿತಪಡಿಸಿಕೊಂಡು ಹಾಕಿ. ಜನ ಅದನ್ನು ಕತ್ತರಿಸಿ ಗಾಡಿಯಲ್ಲಿ ಇಟ್ಟುಕೊಳ್ಳುತ್ತಾರೆ. ಅಲ್ಲಿಯ ತನಕ, ಈ ಕಡೆ ಬಂದವರು ಯಾರೇ ಆಗಲಿ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರೆ ಅಳೆದು, ಸ್ಟೆಪ್ನಿಯ ಒಳಮುಖಕ್ಕೆ ಬಿಳಿ ಬಣ್ಣದಲ್ಲಿ ಬರೆದು ಕೊಡುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ,
ಟಯರ್ ಅಂಗಡಿಯವ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ